ಕಿತ್ತ ಪದಕ, ಮರಳಿದ ಮಾನ

ಯೋಧನ ಎದೆಯ ಮೇಲೆ ತೂಗುವ ಪದಕವು ತೂಕದಲ್ಲಿ ಕೆಲವೇ ತೊಲೆ. ಬೆಲೆಯಲ್ಲಿ ಮಾತ್ರ ಒಂದು ಆಯುಷ್ಯದ ಗಳಿಕೆ. ಪ್ರಾಣವನ್ನು ಪಣವಾಗಿಟ್ಟು ನಾಡಿನ ಸೇವೆ ಸಲ್ಲಿಸಿದೆನೆಂಬ ತೃಪ್ತಿಗೆ ಅದೊಂದು ಕುರುಹು. ಕೊಟ್ಟ ಕೈಯೇ ಅದನ್ನು ಮರಳಿ ಕಿತ್ತುಕೊಂಡರೆ ಆ ಯೋಧನ ಮನಸ್ಸು ಏನಾದೀತು?

ಬ್ರಿಟನ್ನಿನ ನೌಕಾದಳದಲ್ಲಿ ರೇಡಿಯೋ ನಿರ್ವಾಹಕರಾಗಿದ್ದ ಜೋ ಊಸಾಲಿಸ್ ಎಂಬವರಿಗೆ ಒದಗಿದ್ದು ಇದೇ ಗತಿ. ಅವರದು ಸುಮಾರು 18 ವರ್ಷಗಳ ಸೇವೆ. 1982ರ ಫಾಕ್‌ಲೆಂಡ್ಸ್ ಯುದ್ಧವನ್ನು ಕಂಡವರು. ಉತ್ತರ ಐರ್ಲೆಂಡಿನ ಗಲಭೆಯ ದಿನಗಳಲ್ಲಿ ಮತ್ತೆ ಮತ್ತೆ ಅಲ್ಲಿ ದುಡಿದವರು. ಸೇನಾ ನ್ಯಾಯಾಲಯದ ಮುಂದೆ ನಿಂತಾಗ ಅವರು, ತಮಗೆ ಸ್ತ್ರೀಯರಲ್ಲಿಯಂತೆ ಪುರುಷರಲ್ಲಿಯೂ ಅನುರಾಗವುಂಟಾಗುವುದೆಂಬ ಸತ್ಯವನ್ನು ಮುಚ್ಚಿಡದೆ ನುಡಿದರು. ಸುವ್ಯವಸ್ಥೆಗೂ ಶಿಸ್ತಿಗೂ ಕುಂದು ತರುವ ನಡತೆಯೆಂಬ ಆಕ್ಷೇಪದೊಡನೆ 1993ರಲ್ಲಿ ಅವರನ್ನು ವಜಾ ಮಾಡಲಾಯಿತು. ಸಮವಸ್ತ್ರದ ಮೇಲಿದ್ದ ಪದಕವನ್ನು ಕತ್ತರಿಯಿಂದ ಕತ್ತರಿಸಿ ತೆಗೆದುಕೊಂಡರೆಂದು ಅವರು ಬಳಿಕ ಹೇಳಿದ್ದಾರೆ. ಆ ಪದಕದ ಹೆಸರು, ‘ದೀರ್ಘ ಸೇವೆ ಮತ್ತು ಸನ್ನಡತೆ’!

ಇದು ಒಬ್ಬರ ಕಥೆಯಲ್ಲ. 1967ರಲ್ಲಿಯೇ ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ವಯಸ್ಕ ಪುರುಷರಿಬ್ಬರ ಏಕಾಂತದ ಪ್ರೇಮ ಅಪರಾಧವಲ್ಲವೆಂದು ಕಾನೂನಾಗಿತ್ತು. ಆದರೆ ಸೇನೆಯನ್ನು ಆ ಕಾನೂನಿನಿಂದ ಹೊರಗಿಡಲಾಗಿತ್ತು. 1994ರಲ್ಲಿ ಸೈನಿಕರ ಪಾಲಿಗೂ ಅದು ಅಪರಾಧವಾಗಿ ಉಳಿಯಲಿಲ್ಲ. ಆದರೂ ವಜಾ ಮಾತ್ರ ತಪ್ಪಲಿಲ್ಲ. ಸೇನಾ ಪೊಲೀಸರು ಅನುಮಾನ ಬಂದವರ ಕಪಾಟುಗಳನ್ನು ಜಾಲಾಡುವರು. ಖಾಸಗಿ ಪತ್ರಗಳನ್ನೂ ಭಾವಚಿತ್ರಗಳನ್ನೂ ಸಾಕ್ಷ್ಯವಾಗಿ ಒಯ್ಯುವರು. ಸಭ್ಯರ ಮನೆಗಳಲ್ಲಿ ಆಡಬಾರದ ಪ್ರಶ್ನೆಗಳನ್ನು ಕೇಳುವರು. ಹೊರಬಿದ್ದವನಿಗೆ ಉದ್ಯೋಗ ಹೋಯಿತೆಂಬ ದುಃಖ ಒಂದು. ಕಾರಣವನ್ನು ಹೆತ್ತವರಿಗೆ ಹೇಗೆ ಹೇಳುವುದೆಂಬ ಸಂಕಟ ಮತ್ತೊಂದು.

ಈ ನಿಷೇಧವನ್ನು ಎದುರಿಸಿ ನಾಲ್ವರು ನ್ಯಾಯಾಲಯದ ಮೆಟ್ಟಿಲೇರಿದರು: ನೌಕಾದಳದ ಅಧಿಕಾರಿ ಡಂಕನ್ ಲಸ್ಟಿಗ್ ಪ್ರೀನ್, ಅದೇ ದಳದ ಜಾನ್ ಬೆಕೆಟ್, ವಿಮಾನದಳದ ದಾದಿ ಜೆನೆಟ್ ಸ್ಮಿತ್, ಸಾರ್ಜೆಂಟ್ ಗ್ರೇಮ್ ಗ್ರೇಡಿ. ನಾಲ್ವರ ಕೆಲಸದಲ್ಲಿಯೂ ಎತ್ತಿ ಆಡುವಂತಹ ದೋಷವಿರಲಿಲ್ಲ. 1995ರಲ್ಲಿ ಲಂಡನ್ನಿನ ನ್ಯಾಯಾಲಯಗಳು ತಮ್ಮ ಅಧಿಕಾರದ ಮಿತಿಯನ್ನು ತೋರಿಸಿ ಅರ್ಜಿಗಳನ್ನು ತಳ್ಳಿಹಾಕಿದವು. ಅವರು ಅಷ್ಟಕ್ಕೆ ಬಿಡದೆ ಸ್ಟ್ರಾಸ್‌ಬೂರ್ಗ್ ನಗರದಲ್ಲಿರುವ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು.

ಸೇನೆಯ ವಾದವೇನು? ಬ್ಯಾರಕ್ಕಿನಲ್ಲಿ, ಹಡಗಿನ ಇಕ್ಕಟ್ಟಿನಲ್ಲಿ, ಒಬ್ಬರ ಪಕ್ಕದಲ್ಲೊಬ್ಬರು ಬದುಕಬೇಕಾದವರಲ್ಲಿ ಪರಸ್ಪರ ವಿಶ್ವಾಸ ಕೆಟ್ಟರೆ ಯುದ್ಧಸಾಮರ್ಥ್ಯ ಕುಗ್ಗುವುದೆಂಬುದು. ಮೇಲ್ನೋಟಕ್ಕೆ ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಅದಕ್ಕೆ ಕೊಟ್ಟ ಆಧಾರವೇನೆಂದು ನೋಡಿದರೆ, ಸೈನಿಕರ ಅಭಿಪ್ರಾಯವನ್ನು ಕೇಳಿ 1996ರಲ್ಲಿ ಸಿದ್ಧಪಡಿಸಿದ ಒಂದು ವರದಿ. ಅರ್ಥಾತ್, ಸಹೋದ್ಯೋಗಿಗಳಿಗೆ ಇಷ್ಟವಿಲ್ಲ, ಆದುದರಿಂದ ಇವರು ಇರಕೂಡದು! 1999ರ ಸೆಪ್ಟೆಂಬರ್ 27ರಂದು ಬಂದ ತೀರ್ಪು ಈ ತರ್ಕದ ಬುಡವನ್ನೇ ಅಲುಗಿಸಿತು. ಬೇರೆ ಜನಾಂಗದವರನ್ನು, ಬೇರೆ ಬಣ್ಣದವರನ್ನು ಕಂಡರಾಗದವರ ಅಸಹನೆ ಹೇಗೆ ಕಾರಣವಾಗಲಾರದೋ ಹಾಗೆಯೇ ಈ ಅಸಹನೆಯೂ ತನ್ನಷ್ಟಕ್ಕೆ ಕಾರಣವಾಗಲಾರದೆಂದು ನ್ಯಾಯಾಧೀಶರು ಸಾರಿದರು. 2000ದ ಜನವರಿ 12ರಂದು ಬ್ರಿಟಿಷ್ ಸರಕಾರ ನಿಷೇಧವನ್ನು ತೆಗೆದುಹಾಕಿತು. ದಳಗಳು ಒಡೆಯಲಿಲ್ಲ, ಹಡಗುಗಳು ನಿಲ್ಲಲಿಲ್ಲ. ಕೆಲವು ತಿಂಗಳ ಬಳಿಕ ಸೇನೆಯೇ ಪರಿಶೀಲಿಸಿದಾಗ, ಭಯಪಟ್ಟಿದ್ದ ಯಾವ ಅನಾಹುತವೂ ಕಾಣಬರಲಿಲ್ಲ.

ಇದಕ್ಕಿಂತ ತುಸು ಮೊದಲೇ, 1999ರಲ್ಲಿ, ಇನ್ನೊಂದು ಸಾಹಸ ನಡೆದಿತ್ತು. ವಿಮಾನದಳದ ನ್ಯಾವಿಗೇಟರ್ ಕೆರೊಲಿನ್ ಪೇಜ್, ಲೋಕ ತಮ್ಮನ್ನು ಗಂಡಸೆಂದು ಬಗೆದಿದ್ದರೂ ತಾವು ಹೆಣ್ಣೆಂಬುದನ್ನು ಅಧಿಕಾರಿಗಳಿಗೆ ತಿಳಿಸಿ, ಸೇವೆಯನ್ನು ಬಿಡದೆ ಹೆಣ್ಣಾಗಿ ಬಾಳತೊಡಗಿದರು. ಸಹೋದ್ಯೋಗಿಗಳ ಕುಹಕವನ್ನೂ ಪತ್ರಿಕೆಯೊಂದರ ಅಪಹಾಸ್ಯವನ್ನೂ ಸಹಿಸಿಕೊಂಡರು. ಬಳಿಕ ಇರಾಕ್, ಆಫ್ಘಾನಿಸ್ತಾನಗಳ ರಣಭೂಮಿಯ ಮೇಲೆ ಹೆಲಿಕಾಪ್ಟರುಗಳಲ್ಲಿ ಹಾರಿದರು. ಗುಂಡು ಹಾರುವಾಗ ಪಕ್ಕದ ಆಸನದವರು ನೋಡುವುದು ದಾರಿ ಬಲ್ಲರೋ ಇಲ್ಲವೋ ಎಂಬುದನ್ನೇ ಹೊರತು ಬೇರೇನನ್ನೂ ಅಲ್ಲ.

ನಿಷೇಧ ತೊಲಗಿತು, ಋಣ ತೀರಲಿಲ್ಲ. ಊಸಾಲಿಸ್ ಅವರ ಪದಕವನ್ನು ಹಿಂದಿರುಗಿಸಲು ಸರಕಾರ ಒಪ್ಪಿದ್ದು 2019ರ ಡಿಸೆಂಬರಿನಲ್ಲಿ, ಅದೂ ಅವರು ದಾವೆ ಹೂಡಿದ ಮೇಲೆ. 2021ರಲ್ಲಿ ಇತರರಿಗೂ ಆ ದಾರಿ ತೆರೆಯಿತು. ಹಿರಿಯ ನ್ಯಾಯಮೂರ್ತಿ ಎದರ್ಟನ್ ಅವರ ವರದಿ 2023ರ ಜುಲೈ 19ರಂದು ಹೊರಬಂದಾಗ, ಪ್ರಧಾನಿ ರಿಷಿ ಸುನಕ್ ಪಾರ್ಲಿಮೆಂಟಿನಲ್ಲಿ ನಿಂತು ರಾಷ್ಟ್ರದ ಪರವಾಗಿ ಕ್ಷಮೆ ಬೇಡಿದರು. 2024ರ ಡಿಸೆಂಬರಿನಲ್ಲಿ, ವಜಾಗೊಂಡವರಿಗೆ ತಲಾ 50,000 ಪೌಂಡ್ ಪರಿಹಾರವೆಂದು ಘೋಷಣೆಯಾಯಿತು. ಅಷ್ಟರಲ್ಲಿ ಎಷ್ಟೋ ಮಂದಿ ಕಣ್ಮುಚ್ಚಿದ್ದರು.

ಈ ದಾರಿ ಎಲ್ಲೆಡೆಯೂ ನೇರವಾಗಿಲ್ಲ. ನೆದರ್‌ಲೆಂಡ್ಸ್ 1974ರಲ್ಲಿಯೇ ಸೇನೆಯ ಬಾಗಿಲನ್ನು ತೆರೆದಿತ್ತು. ಅಮೆರಿಕವು ‘ಕೇಳಬೇಡ, ಹೇಳಬೇಡ’ ಎಂಬ ವಿಚಿತ್ರ ನಿಯಮವನ್ನು ವರ್ಷಗಟ್ಟಲೆ ನಡೆಸಿ 2011ರಲ್ಲಿ ಕೈಬಿಟ್ಟಿತು. ಲಿಂಗಪರಿವರ್ತಿತರಿಗೆ ಅಲ್ಲಿ 2016ರಲ್ಲಿ ತೆರೆದ ಬಾಗಿಲು 2019ರಲ್ಲಿ ಮುಚ್ಚಿ, 2021ರಲ್ಲಿ ತೆರೆದು, 2025ರಲ್ಲಿ ಮತ್ತೆ ಮುಚ್ಚಿತು. ಭಾರತದಲ್ಲಿ, ಆಂಗ್ಲರು 1860ರಲ್ಲಿ ಹೆಣೆದ ದಂಡಸಂಹಿತೆಯ 377ನೆಯ ಕಲಮಿನ ಕುಣಿಕೆಯನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಡಿಲಿಸಿತು. ಆದರೆ ನಾಲ್ಕೇ ತಿಂಗಳಲ್ಲಿ, 2019ರ ಜನವರಿಯಲ್ಲಿ, ಅಂದಿನ ಭೂಸೇನಾ ಮುಖ್ಯಸ್ಥ ಬಿಪಿನ್ ರಾವತ್ ಅವರು ಸೇನೆಯಲ್ಲಿ ಅದಕ್ಕೆ ಎಡೆಯಿಲ್ಲವೆಂದು ಹೇಳಿದರು. ಕುಣಿಕೆಯನ್ನು ಹೆಣೆದವರೇ ತಮ್ಮ ಮನೆಯಲ್ಲಿ ಅದನ್ನು ಬಿಚ್ಚಿ ಕ್ಷಮೆ ಕೇಳಿದ್ದಾರೆಂಬುದು ಯೋಚಿಸತಕ್ಕ ಸಂಗತಿ.

2025ರ ಅಕ್ಟೋಬರ್ 27ರಂದು ಸ್ಟಾಫರ್ಡ್‌ಶೈರಿನ ರಾಷ್ಟ್ರೀಯ ಸ್ಮಾರಕ ವನದಲ್ಲಿ ದೊರೆ ಚಾರ್ಲ್ಸ್ ಅವರ ಸಮ್ಮುಖದಲ್ಲಿ ಇವರಿಗಾಗಿ ಒಂದು ಸ್ಮಾರಕ ಸಮರ್ಪಿತವಾಯಿತು. ಅದು ಖಡ್ಗವಲ್ಲ, ಕುದುರೆಯಲ್ಲ. ಮುದುಡಿದ ಒಂದು ಪತ್ರ, ಕಂಚಿನಲ್ಲಿ. ಯಾವ ಪ್ರೇಮಪತ್ರಗಳನ್ನು ಕಪಾಟಿನಿಂದ ಎಳೆದು ಅಪರಾಧದ ಸಾಕ್ಷ್ಯವನ್ನಾಗಿ ಮಾಡಿದ್ದರೋ ಅವೇ ಇಂದು ರಾಷ್ಟ್ರದ ಗೌರವಕ್ಕೆ ಪಾತ್ರವಾಗಿವೆ. ಶಿಸ್ತು ಸೇನೆಯ ಉಸಿರೆಂಬುದು ನಿಜ. ಆದರೆ ಶಿಸ್ತು ಮನುಷ್ಯನ ನಡತೆಯನ್ನು ಅಳೆಯಲಿ. ಅವನ ಹೃದಯದ ಬೀಗವನ್ನು ಒಡೆಯುವುದು ಅದರ ಕೆಲಸವಲ್ಲ.