ಕೂಸಿನ ಉಸಿರುನಾಳಕ್ಕೆ ಸ್ಟೆಂಟ್: ಅವಸರ ಬೇಡ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕುವುದು ಈಗ ಹಳ್ಳಿಯವರಿಗೂ ಗೊತ್ತಿರುವ ಮಾತು. ಹೀಗಾಗಿ ಉಸಿರುನಾಳ ಕಿರಿದಾಗಿರುವ ಕೂಸಿನ ತಂದೆ-ತಾಯಿ 'ಇದಕ್ಕೂ ಒಂದು ಸ್ಟೆಂಟ್ ಹಾಕಿದ್ರ ಆಗಲ್ಲೇನ್ರೀ ಡಾಕ್ಟರ್?' ಎಂದು ಕೇಳುತ್ತಾರೆ. ಕೇಳುವುದು ಸಹಜ. ಆದರೆ ಎರಡೂ ಒಂದೇ ಅಲ್ಲ.

ಆಗತಾನೇ ಹುಟ್ಟಿದ ಕೂಸಿನ ಶ್ವಾಸನಾಳದ ಒಳಅಗಲ ಸುಮಾರು 4 ಮಿಲಿಮೀಟರ್. ಒಳಗೆ ಸುತ್ತಲೂ 1 ಮಿ.ಮೀ. ಬಾವು ಬಂದರೆ ದಾರಿಯ ಅಗಲ ಅರ್ಧಕ್ಕಿಳಿಯುತ್ತದೆ. ಗಾಳಿಗೆ ಆಗುವ ಅಡ್ಡಿ ಮಾತ್ರ ಎರಡು ಪಟ್ಟಲ್ಲ, 16 ಪಟ್ಟು ಹೆಚ್ಚುತ್ತದೆ. ಇಂಥ ಕೊಳವೆಯೊಳಗೆ ಲೋಹದ ಜಾಲರಿ ಕೂಡಿಸಿದರೆ ಕಫ ಕಟ್ಟುತ್ತದೆ, ಜಾಲರಿಯ ಸಂದುಗಳಲ್ಲಿ ಮಾಂಸ ಬೆಳೆಯುತ್ತದೆ. ಕೂಸು ಬೆಳೆಯುತ್ತದೆ, ಸ್ಟೆಂಟ್ ಬೆಳೆಯುವುದಿಲ್ಲ. ತೆಗೆಯುವ ಕೆಲಸ ಹಾಕುವುದಕ್ಕಿಂತ ಕಷ್ಟ. ಕ್ಯಾನ್ಸರ್ ಅಲ್ಲದ ಕಾರಣಗಳಿಗೆ ಶ್ವಾಸನಾಳದಲ್ಲಿ ಲೋಹದ ಸ್ಟೆಂಟ್ ಬಳಸುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಬೇರಾವ ದಾರಿಯೂ ಇಲ್ಲದಾಗ ಮಾತ್ರ ತಜ್ಞರು ಇದಕ್ಕೆ ಕೈ ಹಾಕುತ್ತಾರೆ.

2012ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಡಾ. ಗ್ಲೆನ್ ಗ್ರೀನ್ ಮತ್ತು ಎಂಜಿನಿಯರ್ ಸ್ಕಾಟ್ ಹಾಲಿಸ್ಟರ್ ಬೇರೆ ಉಪಾಯ ಮಾಡಿದರು. ಕುಸಿಯುತ್ತಿದ್ದ ನಾಳದ ಹೊರಗಡೆಯಿಂದ, ಕೂಸಿನ ಅಳತೆಗೇ ಮುದ್ರಿಸಿದ ಒಂದು ಆಸರೆ ಹೊಲಿದರು. ನಾಳ ಬೆಳೆದಂತೆ ಅದು ಹಿಗ್ಗುತ್ತದೆ, ಸುಮಾರು 3 ವರ್ಷದಲ್ಲಿ ಮೈಯಲ್ಲೇ ಕರಗುತ್ತದೆ. ಜಾಣತನದ ಕೆಲಸ, ಒಪ್ಪಲೇಬೇಕು. ಆದರೆ ಅದರ ಲಾಭ ಸಿಕ್ಕಿದ್ದು ಕೆಲವೇ ಮಕ್ಕಳಿಗೆ.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ತಾಯಂದಿರು ಗಾಬರಿಯಿಂದ ಎತ್ತಿಕೊಂಡು ಬರುವ ಗೊರಗೊರ ಕೂಸುಗಳಲ್ಲಿ ಬಹುಪಾಲಿಗೆ ಆಪರೇಷನ್ ಬೇಕಿಲ್ಲ. ಗಂಟಲಿನ ಭಾಗ ಇನ್ನೂ ಮೆತ್ತಗಿರುತ್ತದೆ, ಅಷ್ಟೇ. ಅಂಗಾತ ಮಲಗಿಸಿದಾಗ, ಅತ್ತಾಗ ಶಬ್ದ ಹೆಚ್ಚು. ಹಾಲು ಕುಡಿದು ತೂಕ ಏರುತ್ತಿದ್ದರೆ ಒಂದೂವರೆ-ಎರಡು ವರ್ಷದೊಳಗೆ ತಾನೇ ಹೋಗುತ್ತದೆ. ಉಸಿರೆಳೆದಾಗ ಪಕ್ಕೆ ಒಳಸೆಳೆಯುವುದು, ತುಟಿ ನೀಲಿಯಾಗುವುದು, ಹಾಲು ಕುಡಿಯುವಾಗ ದಮ್ಮು ಕಟ್ಟುವುದು, ತೂಕ ಏರದಿರುವುದು, ಹಿಂದೆ ವೆಂಟಿಲೇಟರ್ ಮೇಲೆ ಇದ್ದ ಕೂಸಿಗೆ ಹೊಸದಾಗಿ ಶಬ್ದ ಶುರುವಾಗುವುದು: ಇವು ಬೇರೆಯೇ ಮಾತು. ಆಗ ಮನೆಯಲ್ಲಿ ಕಾಯಬೇಡಿ. ಹೊಟ್ಟೆಗೆ ಬರೆ ಹಾಕಿಸುವವರು ಇನ್ನೂ ಇದ್ದಾರೆ. ಬರೆಯಿಂದ ನಾಳ ಅಗಲವಾಗುವುದಿಲ್ಲ, ಕೂಸಿಗೆ ಸುಟ್ಟಗಾಯವಷ್ಟೇ. ಪದೇ ಪದೇ ನೆಬುಲೈಸರ್ ಇಟ್ಟರೂ ಗುಣವಾಗದಿದ್ದರೆ ಅದನ್ನೇ ಮುಂದುವರಿಸುವುದೂ ತಪ್ಪು. ನಾಳ ಮೆತ್ತಗಿರುವ ಕೆಲವು ಮಕ್ಕಳಿಗೆ ಆ ಔಷಧದಿಂದಲೇ ತೊಂದರೆ ಹೆಚ್ಚಬಹುದು.

ಕಾರಣ ಯಾವುದೆಂದು ತಿಳಿಯಲು ಸಣ್ಣ ದುರ್ಬೀನು ಇಳಿಸಿ ನೋಡಬೇಕು, ಅಂದರೆ ಬ್ರಾಂಕೋಸ್ಕೋಪಿ. ನನ್ನ ಅಭಿಪ್ರಾಯದಲ್ಲಿ ನಮ್ಮ ಭಾಗದವರು ಕೇಳಬೇಕಾದ್ದು ಸ್ಟೆಂಟ್ ಅಲ್ಲ, ಇದು. ಕಲಬುರಗಿಯ ಸರಕಾರಿ ಆಸ್ಪತ್ರೆಯಲ್ಲಿ ಹಸುಗೂಸುಗಳಿಗೆ ಈ ತಪಾಸಣೆ ಬಡವರಿಗೂ ಯಾವಾಗಲೂ ಸಿಗಬೇಕು, ಅರಿವಳಿಕೆ ತಜ್ಞರೂ ಜೊತೆಗಿರಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಕೂಸಿನ ಬೆರಳಿಗೆ ಹೊಂದುವ ಆಕ್ಸಿಮೀಟರ್, ಕೂಸಿನ ಮುಖಕ್ಕೆ ಹೊಂದುವ ಮಾಸ್ಕ್, ಆಂಬುಲೆನ್ಸಿನಲ್ಲಿ ತುಂಬಿದ ಸಿಲಿಂಡರ್ ಇರಬೇಕು. 371(ಜೆ) ಬಂದ ಮೇಲೆ ನಮ್ಮ ಭಾಗಕ್ಕೆಂದು ಬರುವ ಹಣದಲ್ಲಿ ಕಟ್ಟಡಗಳ ಜೊತೆ ಇದಕ್ಕೂ ಪಾಲು ಕೇಳಿ. ಅಂಗನವಾಡಿಗೆ ಬರುವ ಆರ್‌ಬಿಎಸ್‌ಕೆ ತಂಡದವರಿಗೆ ಕೂಸಿನ ಶಬ್ದದ ಬಗ್ಗೆ ಹೇಳಿ. ಮೊಬೈಲಿನಲ್ಲಿ ಒಂದು ನಿಮಿಷ ವಿಡಿಯೋ ಮಾಡಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಡಾಕ್ಟರ ಮುಂದೆ ಹೋದಾಗಲೇ ಕೂಸು ಸುಮ್ಮನಾಗಿರುತ್ತದೆ.