ಹಸದ್ ಬೇಡ, ಹುರುಪು ಬರಲಿ
ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವ ನಮ್ಮ ಹುಡುಗರಲ್ಲಿ ಕಥೆ, ಕವನ ಬರೆಯುವವರಿದ್ದಾರೆ. ಒಂದೇ ರೂಮಿನ ಇಬ್ಬರಲ್ಲಿ ಒಬ್ಬನ ಕಥೆ ಅಚ್ಚಾದರೆ ಇನ್ನೊಬ್ಬನಿಗೆ ಒಳಗೊಳಗೇ ಸಂಕಟವಾಗುವುದೂ ಉಂಟು. ‘ಅವನಿಗೆ ಟೈಮಿದೆ, ನಮಗೆಲ್ಲಿ?’ ಅನ್ನುತ್ತೇವೆ. ಬೊಳುವಾರು ಮಹಮದ್ ಕುಂಞಿ ಸಿಂಡಿಕೇಟ್ ಬ್ಯಾಂಕಿನಲ್ಲಿ ದುಡಿಯುತ್ತಲೇ ಕಥೆಗಾರರಾದವರು. ಮುಂದೆ ‘ಸ್ವಾತಂತ್ರ್ಯದ ಓಟ’ಕ್ಕೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಅವನದು ಹೋಗಲಿ ಎಂದು ಬಯಸುವುದು ಹಸದ್, ಅದು ಹರಾಂ. ಅವನದು ಇರಲಿ, ನಮಗೂ ಸಿಗಲಿ ಎಂಬ ಆಸೆಯನ್ನು ಉಲಮಾಗಳು ಗಿಬ್ತಾ ಅನ್ನುತ್ತಾರೆ, ಅದಕ್ಕೆ ಅಡ್ಡಿಯಿಲ್ಲ. ಜ್ಞಾನ ಪಡೆದು ಇತರರಿಗೆ ಕಲಿಸುವವನನ್ನು ಕಂಡು ಹಾಗೆ ಆಸೆಪಡಬಹುದೆಂದು ಬುಖಾರಿಯ ಹದೀಸಿನಲ್ಲೇ ಇದೆ.

ಮೊದಲು ಗೆಳೆಯನ ಬರಕತ್ತಿಗೆ ದುಆ ಮಾಡೋಣ. ಹೇಗೆ ಬರೆದೆ ಎಂದು ಕೇಳಿ ಕಲಿಯೋಣ. ಇಶಾ ನಮಾಝ್ ಮುಗಿಸಿ, ಮೊಬೈಲ್ ಬದಿಗಿಟ್ಟು, ಕನ್ನಡದಲ್ಲೋ ಬ್ಯಾರಿಯಲ್ಲೋ ನಾವೂ ಒಂದು ಪುಟ ಬರೆಯೋಣ.