ಕ್ಯೂ ಬಿಲ್ಲೆ ಬಂದರೆ ಹೆದರಬೇಡಿ

ಸ್ಕ್ರ್ಯಾಬಲ್ ಆಡುವವರಿಗೆ ಒಂದು ಭಯ ಇದ್ದೇ ಇರುತ್ತದೆ. ಎದುರಾಳಿ ಆಟ ಮುಗಿಸಿದಾಗ ನಮ್ಮ ಕೈಯಲ್ಲಿ 'ಕ್ಯೂ' ಬಿಲ್ಲೆ ಉಳಿದಿದ್ದರೆ 10 ಅಂಕ ಹೋಯಿತು. 100 ಬಿಲ್ಲೆಗಳಲ್ಲಿ ಕ್ಯೂ ಇರುವುದು ಒಂದೇ. ಅದರ ಜೊತೆಗಾರ 'ಯು' ನಾಲ್ಕೇ. ಆ ನಾಲ್ಕೂ ಖಾಲಿಯಾದ ಮೇಲೆ ಬಹಳ ಮಂದಿ ಕೈಕಟ್ಟಿ ಕೂರುತ್ತಾರೆ.

ಆದರೆ ಕ್ಯೂ ಪಕ್ಕ ಯು ಬೇಡದ ಪದಗಳೂ ಇವೆ. ಆಟಗಾರರು ಅವನ್ನು 'ಅಪರೂಪದ ಪದಗಳು' ಎಂದು ಬಾಯಿಪಾಠ ಮಾಡುತ್ತಾರೆ. ಕಾಲಿನ್ಸ್ ಸ್ಕ್ರ್ಯಾಬಲ್ ಪದಪಟ್ಟಿಯಲ್ಲಿರುವ ಕೆಲವನ್ನು ನೋಡಿ: ಫಕೀರ್, ನಿಕಾಬ್, ತಲಾಕ್, ವಕ್ಫ್, ಕಿಬ್ಲಾ, ಕವ್ವಾಲಿ. 'ಕಾದಿ' ಎಂಬುದೂ ಇದೆ, ಅಂದರೆ ನಮ್ಮ ಖಾಜಿ ಸಾಹೇಬರು! ಯಾರಿಗೆ ಅಪರೂಪ ಇವು? ನಮ್ಮ ಮನೆಯಲ್ಲಿ ದಾದಿಗೂ ಗೊತ್ತು. ಕವ್ವಾಲಿಯ ಏಳು ಬಿಲ್ಲೆಗಳನ್ನೂ ಒಂದೇ ಸರದಿಯಲ್ಲಿ ಇಟ್ಟರೆ 50 ಅಂಕ ಹೆಚ್ಚುವರಿ ಸಿಗುತ್ತದೆ.

ಇದಕ್ಕೆ ಕಾರಣವಿದೆ. ಅರಬಿಯಲ್ಲಿ 'ಕ' ಎರಡು. ಒಂದು ಕಾಫ್, ಇನ್ನೊಂದು ಗಂಟಲಿನ ಆಳದಿಂದ ಬರುವ ಖಾಫ್. ಈ ಎರಡನೆಯದಕ್ಕೆ ಇಂಗ್ಲಿಷಿನವರು ಕ್ಯೂ ಬರೆದರು. ಅದು ಸರಿಯೇ, ಏಕೆಂದರೆ ಎರಡೂ ಅಕ್ಷರಗಳು ಹಳೆಯ ಫಿನೀಷಿಯನ್ ಲಿಪಿಯ ಒಂದೇ ಅಕ್ಷರದಿಂದ ಬಂದವು. ನಮ್ಮ ದಖನಿ ಮಾತ್ರ ಆ ಆಳದ ಕವನ್ನು 'ಖ' ಮಾಡಿಬಿಟ್ಟಿದೆ. ಹಾಗಾಗಿ ನಮ್ಮಲ್ಲಿ ಗೋರಿಯೂ ಖಬರ್, ಸುದ್ದಿಯೂ ಖಬರ್. ಲಖನೌದವರು ನಕ್ಕರೆ ನಗಲಿ.

ಇದು ಉರ್ದು ಮನೆಯವರಿಗಷ್ಟೇ ಸೇರಿದ ಸಂಗತಿ ಎಂದುಕೊಳ್ಳಬೇಡಿ. ಕಾಮರ್ಸ್ ಗೆಳೆಯರು ತಮ್ಮ ಕನ್ನಡವನ್ನೇ ನೋಡಲಿ. ನಗದು, ಬಾಕಿ, ಕಿಸ್ತು, ಕರಾರು, ಕಿಮ್ಮತ್ತು, ಈ ಐದರ ಮೂಲದಲ್ಲೂ ಅದೇ ಖಾಫ್ ಇದೆ. ಕನ್ನಡ ಅದನ್ನು ತನ್ನ ಬಾಯಿಗೆ ಹೊಂದಿಸಿಕೊಂಡಿತು, ಇಂಗ್ಲಿಷೂ ಅದನ್ನೇ ಮಾಡಿತು.

ಆದ್ದರಿಂದ ಆಟದ ನಡುವೆ ಯಾರಾದರೂ "ಇದು ಉರ್ದು, ನಡೆಯಲ್ಲ" ಎಂದು ತಕರಾರು ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ತೀರ್ಪು ಕೊಡಬೇಕಾದದ್ದು ಪದಪಟ್ಟಿ, ಎದುರಾಳಿಯ ಅನುಮಾನವಲ್ಲ. ಚೀನಿ ಭಾಷೆಯ 'ಚೀ' ಎಂಬ ಎರಡಕ್ಷರದ ಪದವನ್ನು ಇಟ್ಟವನಿಗೆ ಜಾಣ ಎನ್ನುತ್ತೇವೆ. ನಿಕಾಬ್ ಇಟ್ಟವಳಿಗೆ ಮೋಸ ಎನ್ನುವುದು ಯಾವ ನ್ಯಾಯ? ಇಂಗ್ಲಿಷ್ ಎಂದರೆ ಕಾನ್ವೆಂಟಿನವರ ಆಸ್ತಿ ಎಂದುಕೊಂಡು ಹಿಂದಿನ ಬೆಂಚಿನಲ್ಲಿ ಸುಮ್ಮನಿರುವವರು ನಮ್ಮಲ್ಲಿ ಎಷ್ಟೋ ಜನ. ಮನೆಯ ಹತ್ತು ಪದ ಆ ಭಾಷೆಯಲ್ಲಿ ಮೊದಲೇ ಇವೆ ಎಂದು ತಿಳಿದರೆ ಅವರೂ ಬಾಯಿ ಬಿಡುತ್ತಾರೆ.

ಹಾಗೆಂದು ಮನೆಯ ಮಾತೆಲ್ಲ ಹಲಗೆಯ ಮೇಲೆ ನಡೆಯುವುದಿಲ್ಲ. ಕುರಾನ್, ಕತಾರ್, ಇರಾಕ್ ಅಂಕಿತನಾಮಗಳಾದ್ದರಿಂದ ಆಟಕ್ಕೆ ಬಾರವು. ಕಾಗುಣಿತವೂ ಪಟ್ಟಿಯಲ್ಲಿರುವಂತೆಯೇ ಇರಬೇಕು. ಉರ್ದು ಬಂದರೆ ಸಾಕು, ಓದುವುದು ಬೇಡ ಎಂದು ನಾನು ಹೇಳುತ್ತಿಲ್ಲ.

ನನ್ನ ಸಲಹೆ ಎರಡು. ಒಂದು, ಆಟದ ಮೇಜಿನ ಮೇಲೆ ಪದಪಟ್ಟಿ ಇರಲಿ, ತಕರಾರು ಬಂದರೆ ತೆರೆದು ನೋಡೋಣ. ಎರಡು, ನಮ್ಮೊಳಗಿನ ಆಟದಲ್ಲಿ ಕ್ಯೂ ಪದ ಇಟ್ಟವರು ಅದರ ಅರ್ಥವನ್ನೂ ಹೇಳಲಿ. ಪಟ್ಟಿ ಉರುಹೊಡೆದವರು ಅಲ್ಲಿ ತಡವರಿಸಬಹುದು. ಕಿಬ್ಲಾ ಎಂದರೇನು ಎಂದು ಕೇಳಿದರೆ ನಮ್ಮ ಹಿಂದಿನ ಬೆಂಚಿನವರು ಎದ್ದು ನಿಂತು ಕೈಮಾಡಿ ದಿಕ್ಕನ್ನೇ ತೋರಿಸುತ್ತಾರೆ.